ಹಿತ್ತಲ ಹಗ್ಗದ ಹೋರಾಟ

ಹೋರಾಟಗಾರ್ತಿ ಆಗಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಒಗೆದ ಕಾಟನ್ ಸೀರೆಯನ್ನು ಬಿಸಿಲಿಗೆ ಹಾಕಿ, ಅದು ಗಾಳಿಗೆ ಉಬ್ಬುವುದನ್ನು ನೋಡುತ್ತಾ ಕೂರಬೇಕು, ಅಷ್ಟೇ ನನ್ನ ಆಸೆ. ಆ ಹೊತ್ತಿನಲ್ಲಿ ನಾನು ಈ ಪರದೇಶದ ಡರ್ಹಮ್‌ನಲ್ಲೂ ಇರುವುದಿಲ್ಲ, ದಾವಣಗೆರೆಯಲ್ಲೂ ಇರುವುದಿಲ್ಲ; ನಡುವೆ ಎಲ್ಲೋ ತೇಲುತ್ತಿರುತ್ತೇನೆ. ಬೇಳೆ ಸೀದ ವಾಸನೆ ಮೂಗಿಗೆ ಬಡಿದಾಗಲೇ ಭೂಮಿಗಿಳಿಯುವುದು.

ಮೊದಲಿದ್ದ ಜರ್ಮನ್‌ಟೌನ್ ಊರು ಬಿಟ್ಟು ಇಲ್ಲಿಗೆ ಬಂದು ಆಗಿನ್ನೂ ಒಂದು ಚಳಿಗಾಲ ಕಳೆದಿತ್ತು. ಹಿತ್ತಲಲ್ಲಿ ಹಗ್ಗ ಕಟ್ಟಿದ ವಾರದೊಳಗೆ ನಮ್ಮ ಬಡಾವಣೆಯ ಸಂಘದವರೊಬ್ಬರು ಬಂದು, ಬಟ್ಟೆ ಹೊರಗೆ ಒಣಗಿಸುವಂತಿಲ್ಲ, ಮನೆಗಳ ಅಂದ ಕೆಡುತ್ತದೆ ಎಂದು ಬಹಳ ವಿನಯದಿಂದ ಹೇಳಿಹೋದರು. "ಡ್ರೈಯರ್ ಇದೆಯಲ್ಲ, ಯೂಸ್ ಮಾಡು. ಇದಕ್ಕೆಲ್ಲ ಯಾಕೆ ಟೆನ್ಷನ್ ತಗೋತೀಯ?" ಎಂದರು ನಮ್ಮವರು. ನಾನೂ ಹಗ್ಗ ಬಿಚ್ಚಲು ಹೋದೆ. ಬೇಲಿಯಾಚೆಯಿಂದ "ಬಿಚ್ಚಬೇಡ!" ಎಂಬ ಕೂಗು ಬಂತು. ಪಕ್ಕದ ಮನೆಯ ಮಾರ್ಗರೆಟ್, ಎಪ್ಪತ್ತು ದಾಟಿದ ಕಾದಂಬರಿಗಾರ್ತಿ. ಹಿಂದಿನ ಕಾಲದಲ್ಲಿ ಕಂಡವರ ಮನೆಯ ಬಟ್ಟೆ ಒಗೆದು ಬದುಕಿದ ಹೆಂಗಸರ ಕಥೆಗಳನ್ನು ಬರೆಯುತ್ತಾರೆ. ಬರೆಯದ ಹೊತ್ತಿನಲ್ಲಿ ಊರಿನ ಅನ್ಯಾಯ ಹುಡುಕಿಕೊಂಡು ಹೋಗುತ್ತಾರೆ. ಈ ಸಲ ಅನ್ಯಾಯವೇ ಅವರ ಬೇಲಿಯ ಪಕ್ಕಕ್ಕೆ ಬಂದಿತ್ತು.

ಸಂಘದ ಸಭೆಗೆ ನನ್ನನ್ನು ಎಳೆದುಕೊಂಡೇ ಹೋದರು. ಹಿಂದೆ ಬಟ್ಟೆ ಒಗೆಯುತ್ತಿದ್ದ ಆ ಹೆಂಗಸರು ಒಗ್ಗಟ್ಟಾಗಿ ಕೂಲಿಗಾಗಿ ಎದ್ದು ನಿಂತದ್ದನ್ನು ಮಾರ್ಗರೆಟ್ ಎಷ್ಟು ಸೊಗಸಾಗಿ ಹೇಳಿದರೆಂದರೆ, ನಾನು ಸೋಪಿನ ನೊರೆ, ಬಿಸಿನೀರಿನ ಹಬೆಗಳ ನಡುವೆ ಕಳೆದೇಹೋದೆ. ಜೊತೆಗೆ ಬಂದಿದ್ದ ಮಗಳು ತಿವಿದು, "ಅಮ್ಮಾ, ಯುವರ್ ಟರ್ನ್!" ಎಂದಳು. ಉರುಹೊಡೆದಿದ್ದ ಭಾಷಣ ಒಂದಕ್ಷರವೂ ನೆನಪಾಗಲಿಲ್ಲ. "ಬಿಸಿಲಲ್ಲಿ ಒಣಗಿದ ಬಟ್ಟೆಗೆ ಬಿಸಿಲಿನ ವಾಸನೆ ಇರುತ್ತೆ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ಕೂತೆ. ಆಮೇಲೆ ಹಿಂದಿನ ಸಾಲಿನ ಮುದುಕರೊಬ್ಬರು, "ನನ್ನ ತಾಯಿಯ ಏಪ್ರನ್‌ಗೆ ಆ ವಾಸನೆ ಇತ್ತು" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿತ್ತಲಲ್ಲಿ ಮಾತ್ರ ಒಣಗಿಸಬಹುದೆಂದು ತೀರ್ಮಾನವಾಯಿತು. ಮಾರ್ಗರೆಟ್ ನನ್ನನ್ನು ತಬ್ಬಿಕೊಂಡ ರಭಸಕ್ಕೆ ನನ್ನ ಓಲೆಯ ತಿರುಪು ಕಳಚಿ ಬಿತ್ತು.

ಮಾರನೆಯ ದಿನ ಮನೆಯ ಬಟ್ಟೆಯನ್ನೆಲ್ಲ ಹೆಮ್ಮೆಯಿಂದ ಹರವಿ, ಅಲ್ಲೇ ಕುರ್ಚಿಯಲ್ಲಿ ಒರಗಿದೆ. ಸೀರೆ ಉಬ್ಬಿತು, ನಾನು ತೇಲಿದೆ. ಎಚ್ಚರವಾದಾಗ ಜಗತ್ತೇ ಹಳದಿಯಾಗಿತ್ತು. ಇಲ್ಲಿನ ಪೈನ್ ಮರಗಳು ವಸಂತದಲ್ಲಿ ಹಳದಿ ಪರಾಗ ಸುರಿಸುತ್ತವೆಂದು ಯಾರೂ ನನಗೆ ಹೇಳಿರಲಿಲ್ಲ. ನಮ್ಮವರು ತಮ್ಮ ಬಿಳಿ ಅಂಗಿಯನ್ನು ಎತ್ತಿ ಹಿಡಿದು, "ಯಾರಿಗೆ ಅರಿಸಿನ ಹಚ್ಚಿದೆ?" ಎಂದರು. ಸೀನುತ್ತಲೇ ಎಲ್ಲವನ್ನೂ ಮತ್ತೆ ಒಗೆದು, ಸದ್ದಿಲ್ಲದೆ ಡ್ರೈಯರಿಗೆ ತುಂಬಿದೆ.

ಆಗಲೇ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಮಾರ್ಗರೆಟ್. "ಹೊಸ ಕಾದಂಬರಿಯ ನಾಯಕಿ ನೀನೇ! ಯಂತ್ರಕ್ಕೆ ತಲೆಬಾಗದ ಹೆಂಗಸು!" ಎಂದರು. ಪಕ್ಕದ ಕೋಣೆಯಲ್ಲಿ ಡ್ರೈಯರ್ ಗುಡುಗುಡು ಎನ್ನುತ್ತಿತ್ತು. ನಾಯಕಿ ಹಿಮ್ಮಡಿಯಿಂದ ಮೆಲ್ಲಗೆ ಆ ಕೋಣೆಯ ಬಾಗಿಲು ಮುಚ್ಚಿ, "ಎಂಥ ಒಳ್ಳೆಯ ಬಿಸಿಲು! ಬನ್ನಿ, ಹೊರಗೇ ಕೂತು ಚಹಾ ಕುಡಿಯೋಣ" ಎಂದಳು.