ಏಣಿನುಡಿಗೆ ನಿಷೇಧ

ಬಹಳ ಹಿಂದೆ, ಸಾಫ್ಟ್‌ವೇರ್ ಹುಟ್ಟುವ ಮೊದಲೇ ಅದರ ಜಂಬ ಹುಟ್ಟಿಕೊಂಡಿದ್ದ ರಾಜ್ಯವೊಂದಿತ್ತು. ಅಲ್ಲಿನ ಹಿರಿಯ ಕೆರೆಗೆ ಏಳು ತೂಬು. ಅವುಗಳ ಬಾಗಿಲು ತೆರೆದು ಮುಚ್ಚಲು ಒಂದು ಯಂತ್ರ. ಆ ಯಂತ್ರಕ್ಕೆ ಅಪ್ಪಣೆ ಬರೆಯುವವಳು ನೀರಗಂಟಿ ಚಿಕ್ಕತಾಯಮ್ಮ.

ಅವಳು ಬರೆಯುತ್ತಿದ್ದುದು ಏಣಿನುಡಿಯಲ್ಲಿ. ಏಣಿಯ ಮೆಟ್ಟಿಲಿನಂತೆ ಗೆರೆ ಎಳೆದು, ನೀರು ಇಷ್ಟು ಏರಿದರೆ ಈ ಬಾಗಿಲು ತೆರೆ ಎಂದು ಗುರುತು ಹಾಕಿದರಾಯಿತು. ಒಟ್ಟು ಇಪ್ಪತ್ತೆರಡೇ ಪದ. ಹತ್ತೊಂಬತ್ತು ಮಳೆಗಾಲದಲ್ಲಿ ಕೆರೆಯ ಏರಿ ಒಂದು ಗೇಣೂ ಕುಸಿದಿರಲಿಲ್ಲ. ಹಾಗಾಗಿ ಆಸ್ಥಾನದಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಸಂಕೇತಚೂಡಾಮಣಿ ವಿಜೃಂಭಣರಾಯರು ಪರಿವಾರಸಮೇತ 'ಡಿಜಿಟಲ್ ಆಡಿಟ್'ಗೆ ಚಿತ್ತೈಸಿದರು. ಅರಮನೆಯ ಯಂತ್ರಗಳಿಗೆ ಮಹಾಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಪಂಡಿತರಿಗೆಲ್ಲ ಅವರೇ ಮುಖ್ಯಸ್ಥರು.

"ಇದರಲ್ಲಿ ಮಹಾಕಾವ್ಯ ಬರೆಯಬಹುದೇ?" ಅವಳ ಏಣಿನುಡಿಯ ಹಾಳೆಯೊಂದನ್ನು ಎತ್ತಿ ಹಿಡಿದು ರಾಯರು ಕೇಳಿದರು.

"ಕಾವ್ಯ ಯಾಕ್ ಬುದ್ಧೀ? ನೀರ್ ಏರ್ತದೆ, ಬಾಗ್ಲು ತೆಕ್ಕತದೆ."

"ಕೇಳಿದಿರಾ," ರಾಯರು ಪರಿವಾರದತ್ತ ತಿರುಗಿದರು. "ಇದು ಭಾಷೆಯಲ್ಲ, ಗೋಡೆಯ ಮೇಲಿನ ಗೀಚು. ಬರೆಯುವವಳು ಪ್ರೋಗ್ರಾಮರೂ ಅಲ್ಲ."

ತಾನು ಪ್ರೋಗ್ರಾಮರೆಂದು ಚಿಕ್ಕತಾಯಮ್ಮ ಎಂದೂ ಹೇಳಿಕೊಂಡವಳಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು.

ರಾಯರ ವರದಿಗೆ ಮಹಾರಾಜ ಸಮ್ಮತಿವರ್ಮ ಓದದೆಯೇ ಮೊಹರು ಒತ್ತಿದ. ಏಣಿನುಡಿ ನಿಷಿದ್ಧವಾಯಿತು, ಅವಳ ಹಾಳೆಗಳು ಒಲೆ ಸೇರಿದವು. ನಲವತ್ತು ಪಂಡಿತರು ಎಂಟು ತಿಂಗಳು ಕೂತು ಹದಿನೆಂಟು ಸಾವಿರ ಸಾಲು ಬರೆದರು. ಮುಂದೆಂದಾದರೂ ರಾಜ್ಯಕ್ಕೆ ಸಮುದ್ರ ಬಂದರೆ ಅದನ್ನೂ ನಿಭಾಯಿಸಲು ಅದರಲ್ಲಿ ಅವಕಾಶವಿತ್ತು.

ಉದ್ಘಾಟನೆಯ ದಿನವೇ ಮಳೆ ಜಡಿಯಿತು. ಬಾಗಿಲು ತೆರೆಯಬೇಕಾದ ಹತ್ತನೇ ಗುರುತನ್ನು ನೀರು ದಾಟಿತು. ಬಾಗಿಲು ಅಲುಗಲಿಲ್ಲ.

"ಬುದ್ಧೀ, ತೆಕ್ಕಲಿಲ್ವಲ್ಲ."

"ತಾಳಮ್ಮ, ಲೋಡ್ ಆಗುತ್ತಿದೆ."

ಅವಳು ತಾಳಲಿಲ್ಲ. ಬಾಗಿಲನ್ನು ಕೈಯಿಂದಲೇ ಎತ್ತುವ ಚಕ್ರ ಹಿಡಿದು ಕೂಗು ಹಾಕಿದಳು. ಕೆರೆಯ ಕೆಳಗಿನ ಕುಂಬಾರಗೇರಿಯವರು ಓಡಿಬಂದು ಹೆಗಲು ಕೊಟ್ಟರು. ಆರು ಬಾಗಿಲು ತೆರೆದರು. ಏಳನೆಯದು ತೆರೆಯುವಷ್ಟರಲ್ಲಿ ಏರಿ ಒಡೆದು, ಹೆಗಲು ಕೊಟ್ಟವರ ಮನೆಗಳೇ ಕೊಚ್ಚಿಹೋದವು.

ಆಸ್ಥಾನದಲ್ಲಿ ವಿಚಾರಣೆ ನಡೆಯಿತು.

"ಪ್ರಭು, ಪ್ರೋಗ್ರಾಂನಲ್ಲಿ ಲೋಪವಿಲ್ಲ," ಎಂದರು ರಾಯರು. "ನೀರು ಅದನ್ನು ಅನುಸರಿಸಲಿಲ್ಲ."

"ಹಾಗಾದರೆ ನೀರಿಗೆ ತರಬೇತಿ ಕೊಡಿ," ಎಂದು ಮಹಾರಾಜ ರಾಯರಿಗೆ ರತ್ನಕಿರೀಟ ತೊಡಿಸಿದ. ಕುಂಬಾರಗೇರಿಯವರಿಗೂ ಅಪ್ಪಣೆಯಾಯಿತು: ಏರಿ ಮತ್ತೆ ಕಟ್ಟಬೇಕು, ಆಮೇಲೆ ದಿನವೂ ಮನೆಗೊಬ್ಬರು ತೂಬಿಗೆ ಹಾಜರಾಗಬೇಕು. ದಾಖಲೆಯಲ್ಲಿ ಅವರ ಹೆಸರು 'ಸ್ವಯಂಚಾಲಿತ ವ್ಯವಸ್ಥೆ, ಎರಡನೇ ಆವೃತ್ತಿ'.

ಮರುವರ್ಷ ಪರರಾಜ್ಯದ ರಾಯಭಾರಿಗಳು ನೋಡಲು ಬಂದರು. ರಾಯರು ಕಿರೀಟ ಸರಿಪಡಿಸಿಕೊಂಡು ಗುಂಡಿ ಒತ್ತಿದರು. ಬಾಗಿಲುಗಳು ಮೆಲ್ಲನೆ ಮೇಲೆದ್ದವು.

"ಎಂಥ ನಿಶ್ಶಬ್ದ ಯಂತ್ರ," ಎಂದರು ರಾಯಭಾರಿಗಳು.

ಗೋಡೆಯ ಹಿಂದೆ, ಕೆಮ್ಮಬಾರದೆಂಬ ಆಜ್ಞೆಯ ಫಲಕದ ಕೆಳಗೆ, ಚಿಕ್ಕತಾಯಮ್ಮ ಚಕ್ರಕ್ಕೆ ಎದೆಯೊತ್ತಿ ಪಿಸುಗುಟ್ಟಿದಳು:

"ಬಿಡ್ಬೇಡ್ರಪ್ಪಾ, ತಿರುಗ್ಸಿ. ಇನ್ನೂ ಚಪ್ಪಾಳೆ ಮುಗ್ದಿಲ್ಲ."