ಫ್ರೆಂಚ್ ಸೀಟೂ ಅರವತ್ತನಾಲ್ಕು ಚೀಟಿಯೂ

ಮಗಳು ಹೈಸ್ಕೂಲಿನಲ್ಲಿ ಯಾವ ವಿದೇಶಿ ಭಾಷೆ ಕಲಿಯಬೇಕೆಂಬುದನ್ನು ಸಂಪೂರ್ಣ ವೈಜ್ಞಾನಿಕವಾಗಿ ನಾನೇ ತೀರ್ಮಾನಿಸುತ್ತೇನೆ ಎಂದು ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ. ನಿಂತೇ ಘೋಷಿಸಿದೆ! ಇಂಥ ಮಾತನ್ನು ಕೂತು ಹೇಳಿದರೆ ತೂಕ ಕಡಿಮೆ. ಹದಿನೇಳು ವರ್ಷಗಳಿಂದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷಿಸುತ್ತಿರುವವನು ನಾನು. ಬಿಳಿಯಲ್ಲೇ ಹನ್ನೊಂದು ಬಗೆಯ ಬಿಳಿ ಗುರುತಿಸಬಲ್ಲೆ. ಅಂಥವನಿಗೆ ಫ್ರೆಂಚ್, ಜರ್ಮನ್, ಜಪಾನೀಸ್ ಮೂರರಲ್ಲಿ ಒಂದನ್ನು ಆರಿಸುವುದು ಯಾವ ಮಹಾ!

“ನಂಗೆ ಫ್ರೆಂಚ್ ಇಷ್ಟ ಅಪ್ಪ,” ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

“ಇಷ್ಟ ಅನ್ನೋದು ದತ್ತಾಂಶ ಅಲ್ಲ ಪುಟ್ಟಿ.”

“ರೀ, ಕಲಿಯೋಳು ಅವಳು. ಅವಳಿಗಿಷ್ಟ ಅಂದ್ಮೇಲೆ ಇನ್ನೇನ್ರೀ ಬೇಕು?” ಎಂದಳು ಹೆಂಡತಿ.

“ಯಾವ ಮೇಷ್ಟ್ರು ಕಮ್ಮಿ ಬೈತಾರೋ ಆ ಭಾಷೆ ತಗೊಳ್ಳಲಿ ಬಿಡೋ,” ಎಂದರು ನನ್ನ ಅಮ್ಮ.

ಎಲ್ಲರ ಮಾತನ್ನೂ ಗೌರವದಿಂದ ಕೇಳಿ, ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಹದಿನಾಲ್ಕು ಕಾಲಮ್ಮಿನ ಕೋಷ್ಟಕ ಹಾಕಿದೆ. ಲಿಪಿಯ ಕಷ್ಟ, ಪಠ್ಯಪುಸ್ತಕದ ದಪ್ಪ, ಆ ಭಾಷೆಯಲ್ಲಿ ಕೆಮ್ಮು ಬಂದಂತೆ ಉಚ್ಚರಿಸಬೇಕಾದ ಅಕ್ಷರಗಳ ಸಂಖ್ಯೆ... ಒಂದನ್ನೂ ಬಿಡಲಿಲ್ಲ. ಹನ್ನೆರಡನೆಯ ದಿನ ಫಲಿತಾಂಶ ಪ್ರಕಟಿಸಿದೆ: ಫ್ರೆಂಚ್, ನೂರಕ್ಕೆ ಎಪ್ಪತ್ತೊಂದೂವರೆ!

“ಅವಳು ಒಂದೇ ಸೆಕೆಂಡಿಗೆ ಹೇಳಿದ್ಲು,” ಎಂದಳು ಹೆಂಡತಿ.

“ಅವಳದ್ದು ಊಹೆ. ನನ್ನದು ಫಲಿತಾಂಶ.”

ಫಲಿತಾಂಶವನ್ನು ಹೊತ್ತು ಶಾಲೆಗೆ ಹೋದರೆ ಗುಮಾಸ್ತರು ತಲೆ ಅಲ್ಲಾಡಿಸಿದರು. ಫ್ರೆಂಚಿಗೆ ಇರುವುದು ಇಪ್ಪತ್ತು ಸೀಟು. ಮೊದಲ ವಾರ ಬಂದ ಹದಿನೆಂಟು ಮಕ್ಕಳಿಗೆ ನೇರವಾಗಿ ಕೊಟ್ಟಾಗಿದೆ. ಉಳಿದ ಎರಡು ಸೀಟಿಗೆ ಇಪ್ಪತ್ತಾರು ಅರ್ಜಿ. ಹತ್ತು ದಿನ ಬಿಟ್ಟು ಬಾಯಿ ಪರೀಕ್ಷೆ. ಸಿಗದವರು ಜರ್ಮನ್‌ಗೆ ಹೋಗಬೇಕು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮಗಳು ಅರ್ಧ ತಿಂದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದಳು. ಬೈದಿದ್ದರೆ ವಾಸಿಯಿತ್ತು. ಆ ಅರ್ಧ ಬ್ರೆಡ್ಡು ನೋಡಿ ನನ್ನ ಹಟ ಹೆಡೆಯೆತ್ತಿತು. ಎರಡು ಸೀಟಿನಲ್ಲಿ ಒಂದು ನನ್ನ ಮಗಳದ್ದು. ನಾನು ಕಳೆದದ್ದನ್ನು ನಾನೇ ಗಳಿಸಿ ಕೊಡುತ್ತೇನೆ!

ನಮ್ಮ ಲ್ಯಾಬಿನಲ್ಲೊಂದು ಪದ್ಧತಿಯಿದೆ. ಮಾದರಿ ಬಾಟಲಿಗಳ ಮೇಲೆ ಬರೀ ಗುರುತು ಇರುತ್ತದೆ. ಯಾವ ಗುರುತು ಯಾವ ಬಣ್ಣದ್ದು ಎಂಬ ಪಟ್ಟಿ ಬೀಗದೊಳಗೆ. ಪರೀಕ್ಷೆ ಮುಗಿಯುವವರೆಗೆ ಬೀಗ ತೆಗೆಯುವಂತಿಲ್ಲ, ತೆಗೆದರೆ ಮನಸ್ಸು ಪಕ್ಷಪಾತ ಮಾಡುತ್ತದೆ. ಅದೇ ಪದ್ಧತಿಯನ್ನು ಮನೆಗೆ ತಂದೆ. ನಿಘಂಟು ನೋಡಿ ಅರವತ್ತನಾಲ್ಕು ಫ್ರೆಂಚ್ ಪದಗಳನ್ನು ಲ್ಯಾಬಿನ ಅಂಟುಚೀಟಿಗಳ ಮೇಲೆ ಬರೆದು, ಕಿಟಕಿಯಿಂದ ಹಿಡಿದು ಬೆಣ್ಣೆಯ ಡಬ್ಬಿಯವರೆಗೆ ಅಂಟಿಸಿದೆ. ಅರ್ಥದ ಪಟ್ಟಿಯನ್ನು ಲ್ಯಾಬಿನ ಡ್ರಾಯರಿನಲ್ಲಿಟ್ಟು ಬೀಗ ಜಡಿದೆ.

ಮಾರನೆಯ ದಿನ ಲ್ಯಾಬಿನಲ್ಲಿ ಸಹಾಯಕ ನನ್ನ ಹಿಂದೆ ಹಿಂದೆಯೇ ಸುಳಿದಾಡುತ್ತಿದ್ದ.

“ಸಾರ್, ನಿಮ್ಮ ಬೆನ್ನ ಮೇಲೆ ‘ಪೂಬೆಲ್’ ಅಂತ ಬರೆದಿದೆ. ಹಾಗಂದ್ರೇನು?”

ಸೋಫಾದಲ್ಲಿ ಬಿದ್ದಿದ್ದ ಚೀಟಿ ನನ್ನನ್ನು ಹತ್ತಿಕೊಂಡು ಆಫೀಸಿಗೆ ಬಂದಿತ್ತು! ಅರ್ಥ ನೆನಪಾಗಲಿಲ್ಲ. ಪಟ್ಟಿ ಕೈಗೆಟಕುವಷ್ಟು ಹತ್ತಿರದ ಡ್ರಾಯರಿನಲ್ಲೇ ಇತ್ತು. ಆದರೆ ಪದ್ಧತಿ ಎಂದರೆ ಪದ್ಧತಿ.

ಸಂಜೆ ಮನೆಗೆ ಬಂದಾಗ ಅಮ್ಮ ಕೈ ಚಾಚಿದರು. “ಅದೂ ಉದುರಿತ್ತಾ? ಕೊಡು, ಅಂಟಿಸ್ತೀನಿ.”

ಕೊಟ್ಟೆ. ಒಬ್ಬ ವಿಜ್ಞಾನ ಪದವೀಧರ ಆ ಕ್ಷಣದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. ನಾನು ಕೇಳಿದ್ದು, “ಕಾಫಿ ಇದೆಯಾ?”

ಅಂದಿನಿಂದ ದಿನಾ ಸಂಜೆ ಪರೀಕ್ಷೆ. ನಾನು ಚೀಟಿಯನ್ನು ಅಂಗೈಯಿಂದ ಮುಚ್ಚಿ ವಸ್ತು ತೋರಿಸುವುದು, ಅವಳು ಪದ ಹೇಳುವುದು, ನಾನು ಕೈ ಸರಿಸಿ ನೋಡಿ ಅಂಕ ಹಾಕುವುದು. ನಲವತ್ತು, ಎಪ್ಪತ್ತು, ತೊಂಬತ್ತಾರು! ಫ್ರಿಜ್ಜಿನ ಮೇಲೆ ಅಂಟಿಸಿದ ನಕ್ಷೆಯಲ್ಲಿ ಗೆರೆ ಮಾಳಿಗೆ ಹತ್ತುವಂತೆ ಹತ್ತಿತು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಲೈಬ್ರರಿಯಿಂದ ಒಂದು ಪುಟ್ಟ ಪುಸ್ತಕ ತಂದಳು. ಅದರ ತುಂಬ ‘ನಾನು ಡ್ಯಾಶ್ ತಿಂದೆ’, ‘ಅವರು ಡ್ಯಾಶ್ ಮೇಲೆ ಕೂತರು’ ಎಂಬಂಥ ವಾಕ್ಯಗಳು. ಡ್ಯಾಶಿಗೆಲ್ಲ ಮನೆಯ ಚೀಟಿಯ ಪದ ತುಂಬಿ, ಹಲ್ಲುಜ್ಜುವಾಗಲೂ ಹೇಳಿಕೊಳ್ಳುತ್ತಿದ್ದಳು.

“ಹೇಗಿದೆ ನನ್ನ ವಿಧಾನ?” ಎಂದೆ ಹೆಂಡತಿಗೆ.

“ಮಗು ಕಷ್ಟಪಡ್ತಾ ಇದೆ, ನೀವು ಮಾರ್ಕ್ಸ್ ತಗೋತಾ ಇದ್ದೀರಿ.”

ಪರೀಕ್ಷೆಯ ದಿನ ಇಡೀ ಸಂಸಾರ ಹೊರಟಿತು. ಮೊಮ್ಮಗಳ ಫ್ರೆಂಚ್ ಕೇಳಬೇಕೆಂದು ಅಮ್ಮನೂ ಬಂದರು. ಕೊಠಡಿಯಲ್ಲಿ ಒಂದು ಮೇಜು, ಗೋಡೆಗೊರಗಿದ ಬೆಂಚು. ಫ್ರೆಂಚ್ ಟೀಚರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಮ್ಮನ್ನು ಬೆಂಚಿನ ಮೇಲೂ ಮಗಳನ್ನು ಎದುರಿನ ಕುರ್ಚಿಯಲ್ಲೂ ಕೂರಿಸಿ, ಕಿಟಕಿಯ ಚಿತ್ರ ತೋರಿಸಿದರು.

“ಬ್ಯೂರ್!” ಎಂದಳು ಮಗಳು, ಗುಂಡು ಹೊಡೆದಂತೆ.

ಟೀಚರು ಚಿತ್ರವನ್ನು ತಿರುಗಿಸಿ ತಾವೇ ಒಮ್ಮೆ ನೋಡಿಕೊಂಡರು. ಆಮೇಲೆ ಕುರ್ಚಿಯ ಚಿತ್ರ ತೋರಿಸಿದರು. ಅದಕ್ಕೂ ತಡವಿಲ್ಲದ ಉತ್ತರ. ನಾನು ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದೆ. ಟೀಚರು ಚಿತ್ರಗಳನ್ನು ಪಕ್ಕಕ್ಕಿಟ್ಟು ಫ್ರೆಂಚಿನಲ್ಲಿ ಏನೋ ಕೇಳಿದರು. ಮಗಳು ಶುರುಮಾಡಿದಳು. ನಿಲ್ಲಿಸಲೇ ಇಲ್ಲ! ಟೀಚರು ಕರವಸ್ತ್ರ ತೆಗೆದು ಬಾಯಿಗೆ ಹಿಡಿದುಕೊಂಡರು. ಅವರ ಭುಜ ಕುಲುಕುತ್ತಿತ್ತು. ಮಗಳ ಕಿವಿ ಕೆಂಪಾಯಿತು, ಆದರೂ ಅವಳು ಕೊನೆಯ ವಾಕ್ಯ ಮುಗಿಸಿಯೇ ಬಾಯಿ ಮುಚ್ಚಿದ್ದು.

“ಕಿಟಕಿಗೆ ಬೆಣ್ಣೆ ಅಂದಳು. ಆಮೇಲೆ ಬೆಳಿಗ್ಗೆಯಿಂದ ಏನೇನು ಮಾಡಿದೆ ಅಂತ ಕೇಳಿದೆ,” ಎಂದರು ಟೀಚರು ನಮ್ಮ ಕಡೆ ತಿರುಗಿ. “ಬಾಗಿಲಿಗೆ ಕಿಟಕಿ ಸವರಿಕೊಂಡು ತಿಂದಳಂತೆ. ಸೋಪಿನ ಮೇಲೆ ಕೂತು ಓದಿದಳಂತೆ. ಇವಳಪ್ಪ ದಿನಾ ಸಂಜೆ ಕಸದ ಬುಟ್ಟಿಯಲ್ಲಿ ಕೂತು ಪೇಪರ್ ಓದ್ತಾರಂತೆ.”

“ಕೊನೇದು ನಂಬಬಹುದು ಮೇಡಂ,” ಎಂದಳು ಹೆಂಡತಿ.

ಕಸದ ಬುಟ್ಟಿ ಎಂದರೆ ಪೂಬೆಲ್! ನನ್ನ ಆರಾಮ ಕುರ್ಚಿಯ ಮೇಲಿದ್ದ ಚೀಟಿ! “ಅಮ್ಮಾ, ಚೀಟಿಗಳನ್ನೆಲ್ಲ ಎಲ್ಲಿ ಅಂಟಿಸಿದೆ?”

“ಎಲ್ಲಿ ಖಾಲಿ ಇತ್ತೋ ಅಲ್ಲಿ. ಮೊದಲ ದಿನವೇ ಅಡುಗೆಮನೆ ಆವಿಗೆ ಅರ್ಧ, ಫ್ಯಾನ್ ಗಾಳಿಗೆ ಅರ್ಧ ಉದುರಿ ಹೋದ್ವು ಕಣೋ. ಗುಡಿಸಿ ಗುಡ್ಡೆ ಹಾಕಿ, ಗೋಂದು ಹಚ್ಚಿ ಅಂಟಿಸಿದೆ. ಆಮೇಲೆ ಒಂದಾದ್ರೂ ಬಿತ್ತಾ ನೋಡು!” ಅಮ್ಮನ ದನಿಯಲ್ಲಿ ಹೆಮ್ಮೆಯಿತ್ತು.

ತಕ್ಕಡಿ ಸರಿಯಿದೆಯೇ ಎಂದು ಅದೇ ತಕ್ಕಡಿಯನ್ನು ಕೇಳಿ, ಅದು ಹೌದೆಂದಾಗ ನೂರಕ್ಕೆ ತೊಂಬತ್ತಾರು ಕೊಟ್ಟವನು ನಾನು! ಲ್ಯಾಬಿನಲ್ಲಿ ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಅಂದೇ ಗೇಟಿನಾಚೆ ಕಳಿಸುತ್ತಿದ್ದೆ. ಎದ್ದು ನಿಂತೆ.

“ಮೇಡಂ, ತಪ್ಪು ಪೂರ್ತಿ ನನ್ನದು. ಮಗು ಒಂದು ಪದಾನೂ ತಪ್ಪಾಗಿ ಕಲಿತಿಲ್ಲ. ನಾನು ಅವಳಿಗೆ ಕೊಟ್ಟಿದ್ದೇ ತಪ್ಪು. ಅರ್ಜಿ ತಡವಾಗಿದ್ದೂ ನನ್ನಿಂದಲೇ. ದಯವಿಟ್ಟು ಇದನ್ನ ಅವಳ ಲೆಕ್ಕಕ್ಕೆ ಹಾಕಬೇಡಿ.”

ಮಗಳ ಕಣ್ಣು ತುಂಬಿತ್ತು. ಟೀಚರು ಅವಳ ಕೈಗೆ ತಮ್ಮ ಕರವಸ್ತ್ರವನ್ನೇ ಕೊಟ್ಟರು.

“ಬೆಳಿಗ್ಗೆಯಿಂದ ಇಪ್ಪತ್ತೈದು ಮಕ್ಕಳು ಬಂದ್ರು. ಹತ್ತು ಪದ ಸರಿಯಾಗಿ ಹೇಳಿ ಸುಮ್ಮನಾದ್ರು. ಇವಳೊಬ್ಬಳೇ ನನ್ನ ಜೊತೆ ಮಾತಾಡಿದ್ದು. ವಾಕ್ಯ ಎಲ್ಲಾ ಸರಿಯಿದೆ. ನಾನು ನಕ್ಕರೂ ನಿಲ್ಲಿಸಲಿಲ್ಲ. ಪದಗಳನ್ನ ನಾನು ಸರಿಮಾಡ್ಕೋತೀನಿ,” ಎಂದರು. “ಸೀಟು ಕೊಟ್ಟಿದ್ದೀನಿ ಮರಿ.”

ಮಗಳು ಕುರ್ಚಿಯಿಂದ ಹಾರಿ ಅಜ್ಜಿಯನ್ನು ತಬ್ಬಿಕೊಂಡಳು. ನಾನೂ ಕೈ ಚಾಚಿ ನಿಂತಿದ್ದೆ. ಆ ಕೈಗೆ ಟೀಚರು ಅರ್ಜಿಯನ್ನಿಟ್ಟರು. ಕೆಳಗಡೆ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಷರತ್ತು — ಈ ವಿಷಯದಲ್ಲಿ ವಿದ್ಯಾರ್ಥಿನಿಗೆ ತಂದೆ ಯಾವುದೇ ರೀತಿಯ ಸಹಾಯ ಮಾಡತಕ್ಕದ್ದಲ್ಲ.’

“ಇದರ ಕೆಳಗೆ ಸಹಿ ಮಾಡಿ ಸಾರ್.”

ಸಹಿ ಮಾಡಿದೆ. ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ಎರಡು ಸಲ ಓದಿಕೊಂಡಳು.

“ಮೇಡಂ, ಇಂಥದ್ದೇ ಒಂದು ಫಾರಂ ಗಣಿತಕ್ಕೂ ಇದೆಯಾ?”

“ವಿಜ್ಞಾನಕ್ಕೆ ಎರಡು ಕೊಡಿ ಮಿಸ್,” ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತಾ.