ಹಲ್ಲುಮೇಷ್ಟ್ರ ಯುದ್ಧನೌಕೆ

ಈ ಸಲದ ಮಾದರಿ ಹಡಗುಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ತನಗಲ್ಲದೆ ಇನ್ಯಾರಿಗೂ ಇಲ್ಲ ಎಂದು ಹಲ್ಲುಮೇಷ್ಟ್ರು ಊಟದ ಮೇಜಿಗೆ ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಅಲ್ಲಿ ಒಣಗಲು ಇಟ್ಟಿದ್ದ ಯುದ್ಧನೌಕೆಯ ನಾಲ್ಕು ಫಿರಂಗಿ ನಳಿಗೆಗಳು ಹಾರಿ ಹಾಲಿನ ಲೋಟಕ್ಕೆ ಬಿದ್ದವು. ಚಮಚದಲ್ಲಿ ತಡಕಾಡಿ ನಾಲ್ಕನ್ನೂ ಮೇಲೆತ್ತಿದ ಮೇಲೆ ಘೋಷಣೆ ಮುಂದುವರಿಯಿತು.

ಹೆಸರಿಗಷ್ಟೇ ಅವರು ಮೇಷ್ಟ್ರು. ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಊರಿನ ಅರ್ಧದಷ್ಟು ಮುದುಕರು ಬಾಯಿ ತುಂಬ ನಗುವುದು ಅವರ ಕೃಪೆಯಿಂದಲೇ. ಆದರೆ ಜೀವವೆಲ್ಲ ಹಡಗಿನ ಮೇಲೆ. ಮಹಾಯುದ್ಧದ ಕಾಲದ ನೌಕೆಯೊಂದನ್ನು ಎರಡಡಿಗೆ ಇಳಿಸಿ, ಎರಡು ವರ್ಷದಿಂದ ಕಟ್ಟುತ್ತಿದ್ದರು. ಸಾಸಿವೆಯಷ್ಟು ಕಿಟಕಿ, ರೆಪ್ಪೆಗೂದಲಷ್ಟು ಕಂಬಿ. ಏಣಿಗಳಿಗೆ ಮೆಟ್ಟಿಲು ಕೂಡ ಎಣಿಸಿ ಹಾಕಿದ್ದರು. ಹೋದ ವರ್ಷ ಅವರ ಇನ್ನೊಂದು ಹಡಗಿನ ಲಂಗರು ತಲೆಕೆಳಗಾಗಿದೆ ಎಂದು ತೀರ್ಪುಗಾರರು, ಅಂದರೆ ಭೂತಗನ್ನಡಿ ಬಿಟ್ಟಿರಲಾರದ ಒಬ್ಬ ನಿವೃತ್ತ ಕಪ್ತಾನರು, ಎಲ್ಲರೆದುರೇ ಮೂರನೇ ಸ್ಥಾನಕ್ಕೆ ತಳ್ಳಿದ್ದರು. ಆ ಅವಮಾನ ಇನ್ನೂ ಆರಿರಲಿಲ್ಲ.

ಹಡಗಿನ ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗೆ ಹಲ್ಲುಮೇಷ್ಟ್ರು ಬಳಸುತ್ತಿದ್ದುದು ಹೆಂಡತಿಯ ಕೂದಲು. ನೂಲು ದಪ್ಪ, ನೈಲಾನು ಮಿರುಗುತ್ತದೆ, ಕೂದಲಿಗೆ ಕೂದಲೇ ಸಾಟಿ. ದಿನಾ ಬೆಳಿಗ್ಗೆ ಬಾಚಣಿಗೆಯಿಂದ ಗುಟ್ಟಾಗಿ ಬಿಡಿಸಿಕೊಂಡು, ಸ್ಕೇಲಿನಲ್ಲಿ ಅಳೆದು, ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಬಾಗಿಲ ಸಂದಿಯಿಂದ ಹೆಂಡತಿ ಇದನ್ನು ಕಂಡುಬಿಟ್ಟಳು. ತನ್ನ ಕೂದಲು ಉದುರುವುದಕ್ಕೆ ಗಂಡ ಒಳಗೊಳಗೇ ಕೊರಗುತ್ತಿದ್ದಾರೆಂದು ಅವಳು ತಿಳಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಇಷ್ಟಾದರೂ ಅಕ್ಕರೆ ಕಂಡಿತಲ್ಲ ಎಂದು ಹಿಗ್ಗಿ, ಅವರ ಚಿಂತೆ ಕಳೆಯಲು ನೇರ ಪಾರ್ಲರಿಗೆ ಹೋಗಿ ಕತ್ತಿನವರೆಗೆ ಕತ್ತರಿಸಿಕೊಂಡು ಬಂದಳು. ಪ್ರದರ್ಶನಕ್ಕೆ ಮೂರು ದಿನವಿತ್ತು. ಹನ್ನೊಂದು ತಂತಿ ಬಾಕಿಯಿತ್ತು.

"ಹೇಗಿದೆ ರೀ? ಇನ್ಮೇಲೆ ಉದುರತ್ತೆ ಅನ್ನೋ ಚಿಂತೆ ಇಲ್ಲ."

ಹಲ್ಲುಮೇಷ್ಟ್ರು ಅವಳ ಕೈಚೀಲ ತಡಕಿದರು. "ಕತ್ತರಿಸಿದ್ದನ್ನ ಎಲ್ಲಿಟ್ಟೆ?"

"ಅಲ್ಲೇ ಗುಡಿಸಿ ಹಾಕಿದ್ರು. ಯಾಕೆ?"

ಯಾಕೆಂಬುದನ್ನು ಅವರು ವಿವರಿಸಿದ ಮೇಲೆ ಮನೆಯಲ್ಲಿ ನಡೆದದ್ದು ಯಾವ ಮಹಾಯುದ್ಧಕ್ಕೂ ಕಡಿಮೆಯಿರಲಿಲ್ಲ.

ಉಳಿದದ್ದು ಒಂದೇ ದಾರಿ. ಹಲ್ಲುಮೇಷ್ಟ್ರ ಅತ್ತೆ, ಹೆಂಡತಿಯ ತಾಯಿ, ಅದೇ ಮನೆಯಲ್ಲಿದ್ದರು. ಅವರದು ಸೊಂಟದವರೆಗೆ ಇಳಿದ, ಉಕ್ಕಿನದೇ ಬಣ್ಣದ ಕೂದಲು. ಆದರೆ ಅವರ ಹಳೆಯ ಹಲ್ಲಿನ ಸೆಟ್ಟು ಮುರಿದು ಹನ್ನೊಂದು ತಿಂಗಳಾಗಿತ್ತು. ಅಳಿಯ ಹಡಗು ಮುಗಿಯಲಿ, ಹಡಗು ಮುಗಿಯಲಿ ಎನ್ನುತ್ತಲೇ ದಿನ ತಳ್ಳಿದ್ದರು. ಊರಿಗೆಲ್ಲ ಹಲ್ಲು ಕಟ್ಟುವವರ ಮನೆಯಲ್ಲಿ ಅತ್ತೆ ಬೊಚ್ಚುಬಾಯಿ. ದೀಪದ ಬುಡದಲ್ಲೇ ಕತ್ತಲೆ.

"ಹಲ್ಲು ಕೊಡಿ, ಕೂದಲು ತಗೊಳ್ಳಿ ಅಳಿಯಂದ್ರೇ," ಎಂದರು ಅತ್ತೆ.

ಪ್ರದರ್ಶನದ ಮಾರನೇ ದಿನ ಖಂಡಿತ ಎಂದು ಇವರು ಗೋಗರೆದರು. ನಾನೂ ಪ್ರದರ್ಶನಕ್ಕೆ ಬರುವವಳೇ, ಹಲ್ಲು ಹಾಕಿಕೊಂಡೇ ಬರುತ್ತೇನೆ ಎಂದು ಅತ್ತೆ ಪಟ್ಟು ಹಿಡಿದರು. ಅತ್ತೆಯ ಕೂದಲು ಕೈಗೆ ಬರುವ ಮೊದಲೇ ಅಳಿಯನ ಜುಟ್ಟು ಅತ್ತೆಯ ಕೈಗೆ ಸಿಕ್ಕಿತ್ತು.

ಹೀಗಾಗಿ ಶುಕ್ರವಾರ ಬೆಳಿಗ್ಗೆ ಒಂದೇ ಮೇಜಿನ ಮೇಲೆ ಎರಡು ಕೆಲಸ. ಎಡಗಡೆ ಸೆಟ್ಟಿಗೆ ಕೂರಿಸಬೇಕಾದ ಹಲ್ಲುಗಳು. ಬಲಗಡೆ ಹಡಗಿನ ಪಕ್ಕಕ್ಕೆ ಅಂಟಿಸಬೇಕಾದ, ನಳಿಗೆ ಕೂರುವ ಫಿರಂಗಿಗೂಡುಗಳು. ಅಂಗಡಿಯ ಗೂಡುಗಳು ಒರಟು ಎಂದು ಹಲ್ಲುಮೇಷ್ಟ್ರು ಅವನ್ನು ಹಲ್ಲಿನ ಸಾಮಾನಿನಲ್ಲೇ ಸ್ವತಃ ಅಚ್ಚು ಹೊಯ್ದಿದ್ದರು. ದವಡೆಹಲ್ಲಿನಷ್ಟೇ ಗಾತ್ರ, ಹಲ್ಲಿನದೇ ಬಿಳುಪು. ಅತ್ತೆ ಐದು ನಿಮಿಷಕ್ಕೊಮ್ಮೆ ಇಣುಕಿ "ಆಯ್ತಾ?" ಎನ್ನುತ್ತಿದ್ದರು. ಹಡಗೂ ಒಳಗಿನಿಂದಲೇ "ಆಯ್ತಾ?" ಎಂದಂತಾಗುತ್ತಿತ್ತು. ಎರಡು ಕೈಗಳೂ ಎರಡೂ ಕಡೆ ಓಡಾಡಿದವು. ಸಂಜೆಯೊಳಗೆ ಸೆಟ್ಟು ಬಿಸಿನೀರಲ್ಲಿ ಬೆಂದು ಗಟ್ಟಿಯಾಗಿ ಹೊಳಪೂ ಕಂಡಿತು, ಹಡಗಿಗೆ ಬೂದು ಬಣ್ಣವೂ ಬಿತ್ತು. ಶನಿವಾರ ಹನ್ನೊಂದು ಕೂದಲು ಬಿಗಿದಾಯಿತು.

ಹಿಂದಿನ ಒಂದು ಹಲ್ಲು ಏನೋ ಒಂಥರಾ ಇದೆ ಎಂದರು ಅತ್ತೆ. ಹೊಸದರಲ್ಲಿ ಹಾಗೇ, ಒಗ್ಗಿಕೊಳ್ಳುತ್ತದೆ ಎಂದರು ಅಳಿಯ.

ಭಾನುವಾರ ಕಪ್ತಾನರ ಭೂತಗನ್ನಡಿ ಹಡಗಿನ ಮೂತಿಯಿಂದ ಹೊರಟು ಇಂಚಿಂಚಾಗಿ ಸಾಗಿತು. ಲಂಗರು ಸರಿಯಿತ್ತು. ತಂತಿಗಳ ಬಳಿ ಬಂದಾಗ ಕಪ್ತಾನರು ತಲೆದೂಗಿ, ಇಷ್ಟು ವರ್ಷದಲ್ಲಿ ಇಂಥದ್ದನ್ನು ಕಂಡಿಲ್ಲ ಎಂದರು. ಅತ್ತೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡರು. ಹಲ್ಲುಮೇಷ್ಟ್ರಿಗೆ ಬಹುಮಾನದ ಕಪ್ಪು ಆಗಲೇ ಕೈಯಲ್ಲಿ ಇದ್ದಂತೆ ಅನಿಸಿ ಬೆರಳು ಮಡಚಿಕೊಂಡವು. ಅಷ್ಟರಲ್ಲಿ ಗಾಜು ನಿಂತಿತು.

"ಎಡಗಡೆ ಮೂರನೇ ಗೂಡು. ಮೇಲೆ ನಾಲ್ಕು ಗುಬುಟು, ಮಧ್ಯೆ ಒಂದು ಗುಂಡಿ. ಇದು ದವಡೆಹಲ್ಲಲ್ವೇ?"

  ಹಲ್ಲುಮೇಷ್ಟ್ರ ಬಾಯಿಗಿಂತ ಮೊದಲು ತೆರೆದದ್ದು ಅತ್ತೆಯ ಬಾಯಿ. "ಅದಕ್ಕೇನಾ? ಎರಡು ದಿನದಿಂದ ನಾಲಿಗೆಗೆ ಒಂದು ತೂತು ಸಿಗ್ತಾ ಇದೆ," ಎನ್ನುತ್ತ ಸೆಟ್ಟನ್ನು ಕಳಚಿ ಕರವಸ್ತ್ರದ ಮೇಲಿಟ್ಟು ಕಪ್ತಾನರ ಮುಂದೆ ಹಿಡಿದರು.

ಕಪ್ತಾನರು ಗಾಜನ್ನು ಅತ್ತ ತಿರುಗಿಸಿದರು. ಬಹಳ ಹೊತ್ತು ನೋಡಿದರು. "ನಳಿಗೆ ಕೂರಿಸೋ ತೂತಿದೆ. ಪಕ್ಕದಲ್ಲಿ ಏಣಿ. ಒಂಬತ್ತು ಮೆಟ್ಟಿಲು. ಕರಾರುವಾಕ್ಕು," ಎಂದು ನಿಟ್ಟುಸಿರಿಟ್ಟರು. "ಛೇ ಮೇಷ್ಟ್ರೇ, ಇದು ಹಡಗಿನ ಮೇಲಿದ್ದಿದ್ರೆ ಮೊದಲ ಬಹುಮಾನ ನಿಮ್ದೇ ಆಗ್ತಿತ್ತು."

ಹಡಗು ಮತ್ತೆ ಮೂರನೇ ಸ್ಥಾನಕ್ಕೆ ಬಿತ್ತು. ತಂತಿ ಕೆಲಸಕ್ಕೆಂದು ಒಂದು ವಿಶೇಷ ಪದಕ ಬಂತು. ಅದನ್ನು ಹಲ್ಲುಮೇಷ್ಟ್ರು ಅತ್ತೆಯ ಕೊರಳಿಗೇ ಹಾಕಿದರು. ಮೊದಲು ನಕ್ಕವಳು ಹೆಂಡತಿ. ಅವಳ ಮೋಟುಗೂದಲು ಕುಣಿಯುವಂತೆ ನಕ್ಕಳು. ಕೊನೆಗೆ ಹಲ್ಲುಮೇಷ್ಟ್ರಿಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಗೆ ಬಂದವರೇ ಸೆಟ್ಟು ಕೊಡಿ, ಗೂಡು ತೆಗೆದು ಹಲ್ಲು ಕೂರಿಸಿಕೊಡುತ್ತೇನೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅತ್ತೆ ಸೆಟ್ಟನ್ನು ಟಕ್ಕನೆ ಬಾಯಿಗೆ ಹಾಕಿಕೊಂಡರು.

"ಬೇಡ ಬಿಡಿ ಅಳಿಯಂದ್ರೇ. ನಿಮ್ಮಂಥೋರ ಮನೇಲಿ ಬಾಯಲ್ಲೊಂದು ಫಿರಂಗಿ ಇದ್ರೇನೇ ಒಳ್ಳೇದು."